ಕಾರಿಗೆ ಎರಡನೇ ಬ್ಯಾಟ್ರಿ: ಹಾಕಬೇಕಾ, ಹಾಕಿದ್ರ ಯಾವ್ದು, ಹೆಂಗ ಜೋಡಿಸೋದು

ಹೋದ ವರ್ಷ ಅಕ್ಕನ ಮಗನ ಜವಳಕ್ಕಂತ ಹುಲಿಗೆಮ್ಮನ ಗುಡಿ ಇರೋ ಹುಲಿಗಿಗೆ ಹೋಗಿದ್ವಿ. ಹೊಳಿ ದಂಡಿಗೆ ಒಲಿ ಹೂಡಿ ಅಡಿಗಿ ನಡದಿತ್ತು, ನಾನು ಕಾರಿನ ಡಿಕ್ಕಿ ತಗದು ಮುಂಜಾನಿ ಎಂಟಕ್ಕ ಹಾಡು ಹಚ್ಚಿದಾವ ಊಟ ಮುಗಿಯೋ ತನಕ ಬಂದ್ ಮಾಡ್ಲಿಲ್ಲ. ಸಂಜಿಗೆ ಹೊರಡೋಣಂತ ಚಾವಿ ತಿರುವಿದ್ರ ಟಿಕ್ ಟಿಕ್, ಅಷ್ಟ. ಮನಿ ಅಳಿಯಂದ್ರು ನಾಕು ಮಂದಿ ಹೊಸ ಅಂಗಿ ಹಾಕ್ಕೊಂಡು ಉಸುಕಿನ್ಯಾಗ ಗಾಡಿ ನೂಕಿದ್ರು. ಮಾವ ಅವತ್ತಿಂದ ನನ್ನ ಕಾರಿಗೆ ನೂಕುಗಾಡಿ ಅಂತನ ಹೆಸರಿಟ್ಟಾರ.

ಅವತ್ತು ರಾತ್ರಿನ ಡಿಕ್ಕ್ಯಾಗ ಇನ್ನೊಂದ್ ಬ್ಯಾಟ್ರಿ ಇಡೋದ ಸೈ ಅಂತ ತಲ್ಯಾಗ ಕುಂತ್ತು. ಆಮ್ಯಾಲೆ ಒಂದಿಷ್ಟು ರೊಕ್ಕ ಕಳದು, ಒಂದ್ ಫ್ಯೂಸ್ ಸುಟ್ಟು, ಒಂದ್ ರಿಲೇ (ಕರೆಂಟಿಲೆ ತಾನ ನಡಿಯೋ ಸ್ವಿಚ್) ಸುಟ್ಟು ಕಲಿತೆ ಅನ್ರಿ. ಈಗ ಗಂಗಾವತಿ ಸಿಂಧನೂರು ಸಿರುಗುಪ್ಪ ಕಡೆ ದೋಸ್ತರು "ಅಣ್ಣ ಯಾವ ಬ್ಯಾಟ್ರಿ ಹಾಕಿಸ್ಲಿ, ಎಜಿಎಂ ಹಾಕಿಸ್ಲೋ ಲಿಥಿಯಂ ಹಾಕಿಸ್ಲೋ" ಅಂತ ಕೇಳ್ತಾರ. ನಾನು ತಿರುಗಿ ಕೇಳೋದು ಒಂದ ಪ್ರಶ್ನೆ: ಹಾಡು ಹಚ್ಚೋವಾಗ ಇಂಜಿನ್ ಚಾಲೂ ಇರ್ತೈತೋ ಬಂದ್ ಇರ್ತೈತೋ?

ಯಾಕಂದ್ರ ಇಂಜಿನ್ ಚಾಲೂ ಇದ್ದಾಗ ಕರೆಂಟ್ ಕೊಡೋದು ಇಂಜಿನ್ ಜೋಡಿ ತಿರುಗಿ ಕರೆಂಟ್ ಮಾಡೋ ಆಲ್ಟರ್ನೇಟರ್ರ, ಬ್ಯಾಟ್ರಿ ಅಲ್ಲ. ಬ್ಯಾಟ್ರಿ ಅಂದ್ರ ನೀರಿನ ಟಾಕಿ ಇದ್ದಂಗ, ಆಲ್ಟರ್ನೇಟರ್ ಅಂದ್ರ ಬೋರು. ಬೋರಿನ್ಯಾಗ ನೀರ ಕಡಿಮಿ ಇದ್ರ ಮನಿ ಮ್ಯಾಲೆ ಹತ್ತು ಟಾಕಿ ಇಟ್ರೂ ಅಷ್ಟ. ಇನ್ನೂ ಕೆಟ್ಟದ್ದಂದ್ರ ಎರಡನೇ ಬ್ಯಾಟ್ರಿ ಖಾಲಿ ಆಗಿದ್ರ ಅದು ಸ್ವತಃ ಆಲ್ಟರ್ನೇಟರ್ ಮ್ಯಾಲೆ ಇನ್ನೊಂದು ಲೋಡು. ರೋಡಿನ್ಯಾಗ ಹೋಗ್ತಾ ಹಾಡು ಕೇಳೋರಿಗೆ, ಬಾಸ್ ಹೊಡದಾಗ ಹೆಡ್‌ಲೈಟ್ ಮಿಣಮಿಣ ಅಂತಾವ ಅನ್ನೋರಿಗೆ, ನೂರಕ್ಕ ತೊಂಬತ್ತು ಮಂದಿಗೆ ಎರಡನೇ ಬ್ಯಾಟ್ರಿ ಬೇಕಾಗೇ ಇಲ್ಲ ಅಂತ ನನ್ನ ಲೆಕ್ಕ. ನಿಲ್ಲಿಸಿ ಹಚ್ಚೋರಿಗೆ ಮಾತ್ರ ಇದು ಖರೇನ ಕೆಲ್ಸದ್ದು.

ಮೊದ್ಲ ನಿಮ್ ಗಾಡಿ ಲೆಕ್ಕ ಹಾಕ್ಕೊಳ್ರಿ

ಆಂಪ್ಲಿಫೈಯರ್ (ಸ್ಪೀಕರಿಗೆ ದನಿ ಜೋರ್ ಮಾಡೋದು, ಸಣ್ಣಾಗಿ ಆಂಪ್) ಡಬ್ಬಿ ಮ್ಯಾಲೆ 3000 ವ್ಯಾಟ್ ಅಂತ ದಪ್ಪ ಅಕ್ಷರದಾಗ ಬರದಿರ್ತಾರಲ್ಲ ಅದನ್ನ ಮರತುಬಿಡ್ರಿ, ಒಳಗ ಮ್ಯಾನುವಲ್‌ನ್ಯಾಗ ಆರ್‌ಎಂಎಸ್ ಅಂತ ಇರೋದ ಖರೇ ವ್ಯಾಟ್. ಉದಾಹರಣೆಗೆ 600 ವ್ಯಾಟ್ ಆರ್‌ಎಂಎಸ್ ಇರೋ ಕ್ಲಾಸ್ ಡಿ (ಕರೆಂಟ್ ಕಡಿಮಿ ತಿನ್ನೋ ನಮೂನಿ) ಆಂಪ್ ತಗೊಳ್ರಿ. ಅದು ನೂರು ತಗೊಂಡ್ರ ಸುಮಾರು 80 ಸ್ಪೀಕರಿಗೆ ಕೊಡ್ತೈತಿ, ಉಳಿದದ್ದು ಬಿಸಿ. ಅಂದ್ರ ಫುಲ್ ಹೊಡತಕ್ಕ 750 ವ್ಯಾಟ್, 13 ವೋಲ್ಟಿಗೆ ಭಾಗಿಸಿದ್ರ 58 ಆಂಪಿಯರ್ ಸಮೀಪ. ಹಳೇ ಕ್ಲಾಸ್ ಎಬಿ ಆಂಪ್ ಆದ್ರ ಇನ್ನೂ ಜಾಸ್ತಿ ಎಳೀತೈತಿ. ಆದ್ರ ಹಾಡು ಅಂದ್ರ ಯಾವಾಗ್ಲೂ ಫುಲ್ ಹೊಡತ ಇರಲ್ಲ, ಸರಾಸರಿ ಮೂರನೇ ಒಂದು ಪಾಲೋ ಅದಕ್ಕಿಂತ ಕಡಿಮೀನೋ ಬೀಳ್ತೈತಿ, 15 ರಿಂದ 20 ಆಂಪಿಯರ್ ಹಿಡೀರಿ. ಡಿಜೆ ರಿಮಿಕ್ಸ್ ಕೇಳೋರು ಇನ್ನೊಂದ್ ಸ್ವಲ್ಪ ಕೂಡಿಸ್ಕೊಳ್ರಿ, ಅದ್ರಾಗ ಬಾಸ್ ಬಿಟ್ರ ಬ್ಯಾರೆ ಏನ್ ಇರ್ತೈತಿ.

ಆಲ್ಟರ್ನೇಟರ್ ಕಡೆ ಬರ್ರಿ. ಸಣ್ಣ ಪೆಟ್ರೋಲ್ ಕಾರಿನ್ಯಾಗ 65 ರಿಂದ 90 ಆಂಪಿಯರ್ ಒಳಗ ಇರ್ತೈತಿ. ಬ್ಯಾಸಗಿ ರಾತ್ರಿ ಎಸಿ, ರೇಡಿಯೇಟರ್ ಫ್ಯಾನು, ಹೆಡ್‌ಲೈಟು, ಇಂಜಿನ್ ಕಂಪ್ಯೂಟರ್ ಎಲ್ಲಾ ಕೂಡಿ ಅರ್ಧ ಅಲ್ಲೇ ಹೋಗ್ತೈತಿ. ಉಳಿದದ್ದು ಮ್ಯೂಸಿಕ್ಕಿಗೆ. ಮತ್ತ ಈ 90 ಅನ್ನೋದು ಇಂಜಿನ್ ಓಡೋವಾಗಿನ ಮಾತು, ಸಿಗ್ನಲ್‌ನ್ಯಾಗ ಐಡ್ಲಿಂಗ್ ನಿಂತಾಗ ಅದರ ಅರ್ಧಾನೂ ಕಷ್ಟ. ಅದಕ್ಕ "ಇಂಜಿನ್ ಚಾಲೂ ಇಟ್ಟು ನಿಂತಲ್ಲೇ ಹಚ್ತೀನಿ, ಬ್ಯಾಟ್ರಿ ಇಳಿಯಲ್ಲ" ಅನ್ನೋ ಧೈರ್ಯ ಬ್ಯಾಡ, ಇಳೀತೈತಿ.

ಮೂರನೇದು ಬ್ಯಾಟ್ರಿ ಎಲ್ಲಿ ಕೂಡ್ತೈತಿ ಅನ್ನೋದು. ಬಳ್ಳಾರಿ ರಾಯಚೂರಿನ ಏಪ್ರಿಲ್ ಮೇ ಬಿಸಲು ನಿಮಗ ಹೇಳೋದ ಬ್ಯಾಡ, ಹೊರಗ 42 ಇದ್ರ ಬಿಸಲಿಗೆ ನಿಂತ ಕಾರಿನ ಒಳಗ 60 ದಾಟಿದ್ರೂ ಆಶ್ಚರ್ಯ ಇಲ್ಲ. ಲೆಡ್ ಆಸಿಡ್ ಬ್ಯಾಟ್ರಿಗೆ ಪ್ರತಿ 10 ಡಿಗ್ರಿ ಏರಿದ್ರ ಆಯುಷ್ಯ ಸುಮಾರು ಅರ್ಧ ಆಗ್ತೈತಿ. ಬೆಂಗಳೂರಿನ್ಯಾಗ ಐದು ವರ್ಷ ಬಂದ ಬ್ಯಾಟ್ರಿ ನಮ್ ಕಡೆ ಮೂರಕ್ಕ ಕೈ ಎತ್ತೋದು ಇದಕ್ಕ.

ಆಮ್ಯಾಲೆ ರೊಕ್ಕ. ಅದು ನಿಮ್ ಕಿಸೆ, ನಾನ್ ಹೇಳಂಗಿಲ್ಲ.

ಬ್ಯಾಟ್ರಿ ಇಲ್ದ ಬಗಿಹರಿಯೋ ಸಮಸ್ಯೆ

ಮಲ್ಟಿಮೀಟರ್ ಒಂದು ತಗೊಳ್ರಿ, ಎಲೆಕ್ಟ್ರಿಕ್ ಅಂಗಡ್ಯಾಗ ನೂರಿನ್ನೂರು ರೂಪಾಯಿದ್ದು ಸಾಕು. ಇಂಜಿನ್ ಚಾಲೂ ಮಾಡಿ ಜೋರ್ ಹಾಡು ಹಚ್ಚಿ ಮುಂದಿನ ಬ್ಯಾಟ್ರಿ ಟರ್ಮಿನಲ್ ಮ್ಯಾಲೆ ಒಮ್ಮೆ, ಆಂಪ್ ಟರ್ಮಿನಲ್ ಮ್ಯಾಲೆ ಒಮ್ಮೆ ವೋಲ್ಟೇಜ್ ನೋಡ್ರಿ. ಮುಂದ 14 ಐತಿ ಹಿಂದ 13 ಐತಿ ಅಂದ್ರ ಒಂದ್ ವೋಲ್ಟ್ ವಾಯರ್‌ನ್ಯಾಗ, ಇಲ್ಲಾ ಅರ್ಥಿನ್ಯಾಗ (ಮೈನಸ್ ಕಡಿ ಜೋಡಣಿ) ಸಾಯಾಕತ್ತೈತಿ. ಅರ್ಧ ವೋಲ್ಟಿಗಿಂತ ಜಾಸ್ತಿ ಫರಕ್ ಇದ್ರ ಬ್ಯಾಟ್ರಿ ಮಾತು ಬಿಡ್ರಿ, ವಾಯರ್ ಬದ್ಲಿಸ್ರಿ.

ಕಿಟ್ ಅಂತ ಸಿಗೋ ಅಗ್ಗದ ವಾಯರ್ ಒಳಗ ತಾಮ್ರ ಇರಲ್ಲ, ಅಲ್ಯೂಮಿನಿಯಂ ಮ್ಯಾಲೆ ತಾಮ್ರದ ಲೇಪ ಇರ್ತೈತಿ, ಬ್ಲೇಡಿಲೆ ಒಂದ್ ಎಳಿ ಕೆರದು ನೋಡ್ರಿ ಬೆಳ್ಳಗ ಕಾಣ್ತೈತಿ. ಅದ ದಪ್ಪದ ಖರೇ ತಾಮ್ರಕ್ಕಿಂತ ಅದರ ರೆಸಿಸ್ಟನ್ಸ್ ಒಂದೂವರಿ ಪಟ್ಟು. ನಾನು ಮಾಡಿದ್ದು ಏನಂದ್ರ ಹಾರ್ಡ್‌ವೇರ್ ಅಂಗಡ್ಯಾಗ ವೆಲ್ಡಿಂಗ್ ಕೇಬಲ್ ತಗೊಂಡೆ, ತಾಮ್ರದ್ದು, 25 ಸ್ಕ್ವೇರ್ ಎಂಎಂ. ತೋರಣಗಲ್ಲು ಫ್ಯಾಕ್ಟರಿ, ಸಂಡೂರು ಗಣಿ ದೆಸಿಯಿಂದ ಹೊಸಪೇಟಿ ಬಳ್ಳಾರಿ ಕಡೆ ಇದು ಸಿಗೋದು ಕಷ್ಟ ಇಲ್ಲ. ಎಳಿ ಸಣ್ಣ ಇರ್ತಾವ, ಚಂದ ಬಾಗ್ತೈತಿ. ಅಲ್ಯೂಮಿನಿಯಂ ವೆಲ್ಡಿಂಗ್ ಕೇಬಲ್ಲೂ ಬರ್ತೈತಿ, ಕೇಳಿ ತಗೊಳ್ರಿ. ಬ್ಯಾಟ್ರಿ ಮೈನಸ್‌ನಿಂದ ಗಾಡಿಯ ಕಬ್ಬಿಣದ ಬಾಡಿಗೆ, ಇಂಜಿನ್‌ನಿಂದ ಬಾಡಿಗೆ, ಆಲ್ಟರ್ನೇಟರ್‌ನಿಂದ ಬ್ಯಾಟ್ರಿ ಪ್ಲಸ್ಸಿಗೆ, ಈ ಮೂರು ವಾಯರ್ ದಪ್ಪ ಮಾಡಿ ಅರ್ಥ್ ಜಾಗದಾಗ ಪೇಂಟ್ ಕೆರದು ಬಿಗಿ ಮಾಡಿದ್ರ ಎಷ್ಟೋ ಗಾಡಿಗೆ ಹೆಡ್‌ಲೈಟ್ ಮಿಣುಕೋದು ನಿಂತ್ಹೋಗ್ತೈತಿ.

ಆಂಪ್ ಹತ್ರ ಹಚ್ಚೋ, ಕ್ಷಣಕಾಲದ ಕರೆಂಟ್ ಕೂಡಿಡೋ ಕೆಪಾಸಿಟರ್ ಬಗ್ಗೆ ಎರಡ ಮಾತು. ಒಂದು ಫ್ಯಾರಡ್, ಡಿಜಿಟಲ್ ಮೀಟರ್ ನೀಲಿ ಲೈಟ್ ಎಲ್ಲಾ ಇರ್ತೈತಿ, ನೋಡಾಕ ಚಂದ. 14 ರಿಂದ 12 ವೋಲ್ಟಿಗೆ ಇಳಿಯೋದ್ರೊಳಗ ಅದು ಕೊಡೋದು 26 ಜೂಲ್, ಅಂದ್ರ 750 ವ್ಯಾಟ್ ಎಳಿಯೋ ಆಂಪಿಗೆ ಒಂದ್ ಸೆಕೆಂಡಿನ ಮೂವತ್ತನೇ ಒಂದ್ ಪಾಲು. ಒಂದ್ ಡಂ ಅನ್ನೋದ್ರೊಳಗ ಖಾಲಿ. ಆ ರೊಕ್ಕದಾಗ ತಾಮ್ರ ತಗೊಳ್ರಿ.

ನಿಲ್ಲಿಸಿ ಹಚ್ಚೋರಿಗೆ, ಯಾವ ಬ್ಯಾಟ್ರಿ

ಎಲ್ಲಾರೂ ಮೊದ್ಲು ಕೇಳೋದು ಸಾದಾ ನೀರಿನ ಬ್ಯಾಟ್ರಿ, ಅಂದ್ರ ಕಾರಿಗೆ ಬರೋದ. ಇದು ಸೆಲ್ಫ್ ಹೊಡ್ಯಾಕ ಮಾಡಿದ್ದು, ಪ್ಲೇಟ್ ತೆಳ್ಳಗ ಇರ್ತಾವ, ಒಂದ್ ಕ್ಷಣ ಜೋರ್ ಕರೆಂಟ್ ಕೊಟ್ಟು ಕೂಡೋ ಜಾತಿ. ಪದೇ ಪದೇ ಪೂರ್ತಿ ಇಳಿಸಿದ್ರ ಪ್ಲೇಟ್ ಮ್ಯಾಲೆ ಸಲ್ಫೇಟ್ ಗಟ್ಟಿ ಆಗಿ ಒಂದ್ ವರ್ಷದಾಗ ಮುಗೀತು. 65 ಎಎಚ್ (ಆಂಪಿಯರ್ ತಾಸು, ಅಂದ್ರ ಎಷ್ಟು ಆಂಪಿಯರ್ ಎಷ್ಟು ತಾಸು ಕೊಡ್ತೈತಿ ಅನ್ನೋ ಲೆಕ್ಕ) ಇದ್ರ ಅರ್ಧ ಅಷ್ಟ ಬಳಸಬೇಕು, 32. ಅದ್ರಾಗೂ ಡಬ್ಬಿ ಮ್ಯಾಲಿನ 65 ಅನ್ನೋದು 20 ತಾಸು ನಿಧಾನ ಬಳಸಿದ್ರ ಸಿಗೋದು, 15 ಆಂಪಿಯರ್ ಎಳದ್ರ ಇನ್ನೂ ಕಡಿಮಿ. ಒಟ್ಟ ಒಂದೂವರಿ ತಾಸಿನ ಹಾಡು. ರೇಟ್ ಅಗ್ಗ, ಹಳೇದು ಕೊಟ್ರ ಇನ್ನೊಂದಿಷ್ಟು ಕಡಿಮಿ ಮಾಡ್ತಾರ, ಇದ ಅದರ ದೊಡ್ಡ ಗುಣ.

ದೊಡ್ಡ ಅವಗುಣ ಗ್ಯಾಸ್. ಮೇಂಟೆನೆನ್ಸ್ ಫ್ರೀ ಅಂದ್ರ ನೀರು ಹಾಕೋದು ಬ್ಯಾಡ ಅಂತ ಅಷ್ಟ, ಚಾರ್ಜ್ ಆಗೋವಾಗ ಹೈಡ್ರೋಜನ್ ಬಿಟ್ಟ ಬಿಡ್ತೈತಿ. ಹ್ಯಾಚ್‌ಬ್ಯಾಕ್ ಡಿಕ್ಕಿ ಅಂದ್ರ ನೀವು ಕುಂತ ಜಾಗಾನ ಅದು, ನಡುವ ಬರೇ ಒಂದ್ ಸೀಟು. ಅಲ್ಲಿ ಇಡೋದಾದ್ರ ಮುಚ್ಚಿದ ಡಬ್ಬಿಯೊಳಗಿಟ್ಟು ಗ್ಯಾಸಿನ ಪೈಪ್ ಗಾಡಿ ಹೊರಗ ಬಿಡಲೇಬೇಕು. ಬೊಲೆರೊ ಪಿಕಪ್‌ನಂಥ ಗಾಡಿ, ಹಿಂದ ಬಯಲು ಇರೋದು, ಅದಕ್ಕಾದ್ರ ನಡೀತೈತಿ.

ಇನ್ವರ್ಟರ್ ಬ್ಯಾಟ್ರಿ, ಅದೇ 150 ಎಎಚ್ ಟ್ಯೂಬುಲರ್, ಮನ್ಯಾಗ ಐತಲ್ಲ ಅದನ್ನ ಇಡ್ಲಾ ಅಂತ ಮಾನ್ವಿಯ ಒಬ್ಬ ದೋಸ್ತ್ ಕೇಳಿದ್ದ. ಆಳಕ್ಕ ಇಳಿಸಿದ್ರೂ ತಡ್ಕೊಂತೈತಿ ಖರೆ, ಆದ್ರ ತೂಕ 50 ಕೆಜಿ ಮ್ಯಾಲೆ, ನಮ್ ರೋಡಿನ ತಗ್ಗಿನ್ಯಾಗ ಆಸಿಡ್ ತುಳುಕ್ತೈತಿ, ಬಾಸ್ ಹೊಡತಕ್ಕ ಒಮ್ಮಿಗೆ ಬೇಕಾದ ಕರೆಂಟ್ ಕೊಡೋದ್ರಾಗ ನಿಧಾನ. ಮನ್ಯಾಗ ಫ್ಯಾನ್ ತಿರುಗಿಸ್ಲಿ ಬಿಡ್ರಿ ಅದು.

ಎಜಿಎಂ ನನಗ ಸೇರಿದ್ದು, ನನ್ನ ಡಿಕ್ಕ್ಯಾಗ ಇರೋದೂ ಇದ. ಒಳಗ ಆಸಿಡ್ ಗಾಜಿನ ನಾರಿನ ಹಾಳಿಯೊಳಗ ಹೀರ್ಕೊಂಡು ಕುಂತಿರ್ತೈತಿ, ತುಳುಕಲ್ಲ, ಗ್ಯಾಸನ್ನ ಒಳಗ ನೀರು ಮಾಡ್ಕೊಂತೈತಿ, ತೀರಾ ಓವರ್‌ಚಾರ್ಜ್ ಆದ್ರ ಮಾತ್ರ ವಾಲ್ವ್ ಬಿಚ್ಚಿ ಬಿಡ್ತೈತಿ. ಬಾಸಿಗೆ ಬೇಕಾದ ಜೋರ್ ಕರೆಂಟ್ ಕೊಡ್ತೈತಿ, ಸಾದಾದಕ್ಕಿಂತ ಹೆಚ್ಚು ಸಲ ಇಳಿಸಿ ಏರಿಸ್ಬಹುದು. ಮುಂದಿನದ್ದೂ ಲೆಡ್ ಇದೂ ಲೆಡ್, ಚಾರ್ಜಿಂಗ್ ವೋಲ್ಟೇಜ್ ಹೆಚ್ಚೂಕಡಿಮಿ ಒಂದ. ರೇಟ್ ಮಾತ್ರ ಅದ ಎಎಚ್‌ನ ಸಾದಾದ್ದಕ್ಕ ಡಬಲ್ ಹತ್ರ ಬೀಳ್ತೈತಿ. ಬಿಸಲಿಗೆ ಇದೂ ಅಂಜ್ತೈತಿ, ಬಾನೆಟ್ ಒಳಗ ಇಡಬ್ಯಾಡ್ರಿ, ಡಿಕ್ಕ್ಯಾಗ ಇಟ್ಟು ಗಾಡಿ ಬೇವಿನ ಗಿಡದ ನೆಳ್ಳಿಗೆ ನಿಲ್ಲಿಸ್ರಿ.

ಲಿಥಿಯಂ ಬಗ್ಗೆ ಜರಾ ಹೆಚ್ಚಿಗಿ ಹೇಳ್ತೀನಿ, ಯಾಕಂದ್ರ ಈಗ ಎಲ್ಲಾರ ಬಾಯಾಗೂ ಅದ ಐತಿ, ಮತ್ತ ಅದ್ರಾಗ ಎರಡು ಜಾತಿ ಅದಾವ ಅಂತ ಭಾಳ ಮಂದಿಗೆ ಗೊತ್ತಿಲ್ಲ. ಬೇಕಾದದ್ದು ಎಲ್‌ಎಫ್‌ಪಿ, ಲಿಥಿಯಂ ಐರನ್ ಫಾಸ್ಫೇಟ್. ನಾಕು ಸೆಲ್, ಒಂದೊಂದು 3.2 ವೋಲ್ಟ್, ಕೂಡಿ 12.8, ಫುಲ್ ಚಾರ್ಜಿಗೆ 14.6 ತನಕ ತಡ್ಕೊಂತೈತಿ, ಅಂದ್ರ ಕಾರಿನ 14.2, 14.4ಕ್ಕ ಸರಿಯಾಗಿ ಕೂಡ್ತೈತಿ. ಇನ್ನೊಂದ್ ಜಾತಿ ಎನ್‌ಎಂಸಿ, ಮೂರು ಸೆಲ್ ಜೋಡಿಸಿ "12 ವೋಲ್ಟ್ ಲಿಥಿಯಂ" ಅಂತ ಮಾರ್ತಾರ, ಅದರ ಫುಲ್ ಚಾರ್ಜ್ 12.6 ಅಷ್ಟ. ಅದನ್ನ ಕಾರಿನ 14ಕ್ಕ ಹಚ್ಚಿದ್ರ ಒಳಗ ಸೆಲ್ ಕಾಯೋ ಬಿಎಂಎಸ್ ಸರ್ಕ್ಯೂಟ್ ಕಾಪಾಡಿದ್ರ ಕಾಪಾಡ್ತು ಇಲ್ಲಾಂದ್ರ ಬೆಂಕಿ. ಹಳೇ ಎಲೆಕ್ಟ್ರಿಕ್ ಗಾಡಿ ಸೆಲ್ ಬಿಚ್ಚಿ ಟೇಪ್ ಸುತ್ತಿ ಕೊಡೋರ ಹತ್ರ ಎಷ್ಟ ಅಗ್ಗ ಸಿಕ್ರೂ ತಗೋಬ್ಯಾಡ್ರಿ, ಡಿಕ್ಕಿ ಹಿಂದ ಸೀಟಿನ್ಯಾಗ ಮಕ್ಳು ಕುಂತಿರ್ತಾರ.

ಒಳ್ಳೆ ಎಲ್‌ಎಫ್‌ಪಿ 50 ಎಎಚ್ ಅಂದ್ರ 40, 45 ಆರಾಮ ಬಳಸ್ಬಹುದು. 65 ಎಎಚ್ ಲೆಡ್ ಒಂದೂವರಿ ತಾಸು ಕೊಡೋ ಜಾಗದಾಗ ಇದು ಎರಡೂವರಿ, ಮೂರು ತಾಸು ಕೊಡ್ತೈತಿ. ತೂಕ ಆರೇಳು ಕೆಜಿ, ಲೆಡ್ದು 16, 17. ವೋಲ್ಟೇಜ್ ಕೊನೀತನಕ 13ರ ಆಜೂಬಾಜು ನಿಲ್ತೈತಿ, ಅದಕ್ಕ ಬಾಸ್ ಮೆತ್ತಗ ಆಗಲ್ಲ. ಪ್ರತಿ ಸಲ ಫುಲ್ ಚಾರ್ಜ್ ಮಾಡದಿದ್ರೂ ಸಲ್ಫೇಟ್ ಕಾಟ ಇಲ್ಲ. ಆದ್ರ ಬಿಎಂಎಸ್ ಎಷ್ಟು ಆಂಪಿಯರಿಗೆ ಐತಿ ನೋಡ್ಕೊಳ್ರಿ, 50ರದ್ದು ಇದ್ದು ನಿಮ್ಮ ಆಂಪ್ ಹೊಡತಕ್ಕ 58 ಕೇಳಿದ್ರ ಹಾಡಿನ ಭರದಾಗ ಟಪ್ಪಂತ ಬಂದ್ ಆಗ್ತೈತಿ. ನೂರರದ್ದು ಕೇಳ್ರಿ. ರೊಕ್ಕ ಸಾದಾ ಬ್ಯಾಟ್ರಿಗಿಂತ ಮೂರು ನಾಕು ಪಟ್ಟು, ಅದ್ರ ಜೋಡಿ ಚಾರ್ಜರ್ ಖರ್ಚೂ ಬರ್ತೈತಿ, ಅದನ್ನ ಮುಂದ ಹೇಳ್ತೀನಿ.

ಹಳೇ ಬ್ಯಾಟ್ರಿ ಬಿಸಾಕೋ ಬದ್ಲಿ ಹಿಂದ ಇಡೋಣ ಅನ್ನೋ ಜುಗಾಡ್ ಒಂದ್ ಉಳೀತು. ನಾನೂ ಮಾಡಿದ್ದೆ. ಎರಡು ತಿಂಗ್ಳಿಗೆ ಹಳೇದು ಹೊಸಾದನ್ನ ಎಳ್ಕೊಂಡ ಹೋತು.

ಎರಡನ್ನ ಜೋಡಿಸೋದು ಹೆಂಗ

ಖರೇ ತಪ್ಪಾಗೋದು ಇಲ್ಲೇ. ಪ್ಲಸ್ಸಿಗೆ ಪ್ಲಸ್ ನೇರ ಜೋಡಿಸಿದ್ರ ಎರಡೂ ಕೂಡೇ ಇಳೀತಾವ, ಹುಲಿಗಿ ಕತಿ ಮತ್ತ ಆಗ್ತೈತಿ, ಈ ಸಲ ನೂಕೋ ಗಾಡಿ 17 ಕೆಜಿ ಹೆಚ್ಚಿಗಿ ಭಾರ ಇರ್ತೈತಿ ಅಷ್ಟ. ಇಂಜಿನ್ ಬಂದಾದಾಗ ಎರಡೂ ಬ್ಯಾರೆ ಬ್ಯಾರೆ ಆಗಬೇಕು.

ಕೈಲೆ ತಿರುವೋ ದೊಡ್ಡ ಸ್ವಿಚ್ ಹಾಕಿದ್ರ ಭಾಳ ಅಗ್ಗ, ಕೆಡೋದೂ ಕಡಿಮಿ, ಆದ್ರ ನೀವು ಮರೀತೀರಿ. ನಾನು ಮರೀತೀನಿ, ಅದಕ್ಕ ಹೇಳ್ದೆ.

ಸೊಲೆನಾಯ್ಡ್ ರಿಲೇ ಅಂದ್ರ ಇಂಜಿನ್ ಚಾಲೂ ಇದ್ದಾಗ ಕೂಡಿಸಿ ಬಂದಾದ್ರ ಬಿಡಿಸ್ತೈತಿ. ಇಲ್ಲಿ ನಮ್ ಎಲೆಕ್ಟ್ರಿಷಿಯನ್ ಮಂದಿ ಲಾರಿ ಸ್ಟಾರ್ಟರ್ ಸೊಲೆನಾಯ್ಡ್ ತಂದು ಹಚ್ಚಿಬಿಡ್ತಾರ, ಅದು ನಾಕು ಸೆಕೆಂಡ್ ಚಾಲೂ ಇರ್ಲಿ ಅಂತ ಮಾಡಿದ್ದು, ತಾಸುಗಟ್ಲೆ ಇಟ್ರ ಕಾಯಿಲ್ ಸುಡ್ತೈತಿ. ನಂದು ಸುಟ್ಟಿದ್ದು ಇದ, ಗಂಗಾವತಿ ರೋಡಿನ್ಯಾಗ ವಾಸನಿ ಬಂತು, ನಾನು ಯಾರೋ ಹೊಲದಾಗ ಏನೋ ಸುಡಾಕತ್ತಾರಂತ ತಿಳ್ಕೊಂಡೆ. ಕಂಟಿನ್ಯೂಯಸ್ ಡ್ಯೂಟಿ ಅಂತ ಕೇಳಿ ತಗೊಳ್ರಿ.

ಅದಕ್ಕಿಂತ ಚಲೋದು ವಿಎಸ್‌ಆರ್, ವೋಲ್ಟೇಜ್ ನೋಡಿ ತಾನ ಕೂಡಿಸೋ ರಿಲೇ. ಮುಂದಿನ ಬ್ಯಾಟ್ರಿ 13.3ರ ಹತ್ರ ಏರಿದ್ರ ಕೂಡಿಸ್ತೈತಿ, 12.8ಕ್ಕ ಇಳಿದ್ರ ಬಿಡಿಸ್ತೈತಿ. ಮೊದ್ಲ ಮುಂದಿನದ್ದು ತುಂಬಿ ಆಮ್ಯಾಲೆ ಹಿಂದಿನದ್ದು. ಎಜಿಎಂ ಮತ್ತ ಹಳೇ ನಮೂನಿ ಆಲ್ಟರ್ನೇಟರ್ ಇದ್ದ ಗಾಡಿಗೆ ನಾನು ಇದನ್ನ ಹೇಳ್ತೀನಿ. ಡಯೋಡ್ ಐಸೊಲೇಟರ್ ಅಂತಾನೂ ಬರ್ತೈತಿ, ಅದ್ರಾಗ 0.7 ವೋಲ್ಟ್ ತನಕ ಬಿದ್ದುಹೋಗ್ತೈತಿ, 14.2 ಹೋಗಿ 13.5, ಬ್ಯಾಟ್ರಿ ಎಂದೂ ಹೊಟ್ಟಿತುಂಬ ಉಣ್ಣಲ್ಲ.

ಡಿಸಿ ಟು ಡಿಸಿ ಚಾರ್ಜರ್, ಅಂದ್ರ ಮುಂದಿನ ಕಡಿಂದ ಕರೆಂಟ್ ತಗೊಂಡು ಹಿಂದಿನ ಬ್ಯಾಟ್ರಿಗೆ ಅಳತಿ ಮಾಡಿ ಕೊಡೋದು, ತುಟ್ಟಿ, ಆದ್ರ ಎರಡು ಸಂದರ್ಭದಾಗ ಬ್ಯಾರೆ ದಾರಿ ಇಲ್ಲ. ಒಂದು ಲಿಥಿಯಂ. ಎಲ್‌ಎಫ್‌ಪಿ ಖಾಲಿ ಇದ್ರ ಆಲ್ಟರ್ನೇಟರ್ ಎಷ್ಟ ಕೊಟ್ರೂ ನುಂಗ್ತೈತಿ, ಐಡ್ಲಿಂಗ್‌ನ್ಯಾಗ ಫ್ಯಾನ್ ನಿಧಾನ ತಿರುಗೋವಾಗ ಆಲ್ಟರ್ನೇಟರ್ ಕಾದು ಸುಡ್ತೈತಿ. ಚಾರ್ಜರ್ 20 ಅಂದ್ರ 20, 30 ಅಂದ್ರ 30 ಅಷ್ಟ ಬಿಡ್ತೈತಿ. ಎರಡನೇದು ಸ್ಮಾರ್ಟ್ ಆಲ್ಟರ್ನೇಟರ್ ಇರೋ ಹೊಸ ಗಾಡಿ, ಡೀಸೆಲ್ ಪೆಟ್ರೋಲ್ ಉಳಿಸ್ಲಿಕ್ಕಂತ ಬ್ಯಾಟ್ರಿ ತುಂಬಿದ್ದಂಗ ವೋಲ್ಟೇಜ್ ಇಳಿಸಿಬಿಡ್ತಾವ. ಕಾರಿನೊಳಗಿನ ಮೊಬೈಲ್ ಚಾರ್ಜರ್ ಸಾಕೆಟ್ಟಿಗೆ ಸಣ್ಣ ವೋಲ್ಟ್‌ಮೀಟರ್ ಚುಚ್ಚಿ ಅರ್ಧ ತಾಸು ಓಡಿಸ್ರಿ, 14ರ ಮ್ಯಾಲೆ ನಿಂತ್ರ ಹಳೇ ನಮೂನಿ, ಒಮ್ಮೊಮ್ಮೆ 12.6, 12.8ಕ್ಕ ಇಳದು ಮತ್ತ ಏರಿದ್ರ ಸ್ಮಾರ್ಟ್. ಅಂಥ ಗಾಡ್ಯಾಗ ಮೈನಸ್ ಟರ್ಮಿನಲ್ ಮ್ಯಾಲೆ ಒಂದ್ ಸಣ್ಣ ಸೆನ್ಸರ್ ಕುಂತಿರ್ತೈತಿ, ಅರ್ಥ್ ವಾಯರನ್ನ ಆ ಟರ್ಮಿನಲ್‌ಗೆ ಹಚ್ಚಬ್ಯಾಡ್ರಿ, ಬಾಡಿಗೆ ಹಚ್ರಿ. ವಾರಂಟಿ ಇದ್ದ ಗಾಡಿ ಆದ್ರ ವಾಯರಿಂಗ್ ಕತ್ತರಿಸೋಕ್ಕಿಂತ ಮೊದ್ಲ ಸರ್ವಿಸ್ ಸೆಂಟರ್‌ನ್ಯಾಗ ಕೇಳಿಕೊಳ್ರಿ.

ಯಾವ ರಿಲೇ ಹಾಕಿದ್ರೂ ಫ್ಯೂಸ್ ಎರಡು ಬೇಕು. ಒಂದಲ್ಲ, ಎರಡು. ವಾಯರಿಗೆ ಎರಡೂ ಕಡೆ ಬ್ಯಾಟ್ರಿ ಇರ್ತೈತಲ್ಲ, ನಡುವ ಬಾಡಿಗೆ ತಿಕ್ಕಿದ್ರ ಎರಡೂ ಕಡಿಂದ ಬೆಂಕಿ ಬರ್ತೈತಿ. ಪ್ರತಿ ಬ್ಯಾಟ್ರಿಯಿಂದ ಒಂದೂವರಿ ಫೂಟಿನೊಳಗ ಒಂದೊಂದು, 25 ಸ್ಕ್ವೇರ್ ಎಂಎಂ ತಾಮ್ರಕ್ಕ 100 ಆಂಪಿಯರ್ ಸಾಕು. ಬ್ಯಾಟ್ರಿಯನ್ನ ಕಬ್ಬಿಣದ ಪಟ್ಟಿ ಹಾಕಿ ಬಾಡಿಗೆ ಬೋಲ್ಟ್ ಮಾಡಿಸ್ರಿ, ಪ್ಲಸ್ಸಿಗೆ ರಬ್ಬರ್ ಟೊಪ್ಪಿಗಿ ಹಾಕ್ರಿ. ಡಿಕ್ಕ್ಯಾಗ ಜಾಕಿ ಪಾನಾ ಉರುಳಾಡ್ತಿರ್ತಾವ, ಒಂದ್ ಪಾನಾ ಎರಡೂ ಟರ್ಮಿನಲ್ ಮ್ಯಾಲೆ ಅಡ್ಡ ಬಿದ್ರ ವೆಲ್ಡಿಂಗ್ ಅಂದ್ರೇನು ಅಂತ ಗೊತ್ತಾಗ್ತೈತಿ.

ಹಂಗಾದ್ರ ಯಾರಿಗೆ ಯಾವ್ದು

ಸಣ್ಣ ಪೆಟ್ರೋಲ್ ಕಾರು, 400, 500 ವ್ಯಾಟ್, ಓಡಿಸ್ತಾ ಕೇಳೋದು: ವಾಯರ್ ಅರ್ಥ್ ಸರಿ ಮಾಡಿಸ್ರಿ, ಮುಂದಿನ ಬ್ಯಾಟ್ರಿ ಹಳೇದಾಗಿದ್ರ ಬದ್ಲಿಸ್ರಿ, ಕೆಲ್ಸ ಮುಗೀತು. ತಿಂಗ್ಳಿಗೊಮ್ಮೆ ಹೊಲಕ್ಕೋ ಆನೆಗುಂದಿ ಕಡಿಗೋ ಹೋಗಿ ಒಂದ್ ತಾಸು ಹಚ್ಚೋರು ನಡುವ ಇಪ್ಪತ್ತು ನಿಮಿಷ ಗಾಡಿ ಓಡಿಸ್ಕೊಂಡು ಬಂದ್ರೂ ನಡೀತೈತಿ, ಆದ್ರ ಸಮಾಧಾನ ಬೇಕಂದ್ರ 45 ರಿಂದ 65 ಎಎಚ್ ಎಜಿಎಂ ಜೋಡಿ ವಿಎಸ್‌ಆರ್. ಪಿಕಪ್ ಇದ್ದು ಕೈ ಬಿಗಿ ಇದ್ದೋರು ಸಾದಾ ಬ್ಯಾಟ್ರಿ ಹಿಂದ ಬಯಲಿಗೆ ಕಟ್ಟಿ ಕಂಟಿನ್ಯೂಯಸ್ ಸೊಲೆನಾಯ್ಡ್ ಹಾಕ್ರಿ, ಎರಡು ವರ್ಷಕ್ಕೊಮ್ಮೆ ಬದ್ಲಿಸೋ ಖರ್ಚು ಹಿಡದ್ರೂ ಸೋವಿ. ವಾರಾ ವಾರಾ ಮೂರು ನಾಕು ತಾಸು ಹಚ್ಚೋರು, ಗಾಡಿ ಹೊಸಾದು, ರೊಕ್ಕದ್ದು ಚಿಂತಿ ಇಲ್ಲ ಅನ್ನೋರಿಗೆ ಎಲ್‌ಎಫ್‌ಪಿ ಮತ್ತ ಡಿಸಿ ಟು ಡಿಸಿ, ಎರಡನ್ನೂ ಕೂಡಿಸಿ ಬಜೆಟ್ ಹಾಕ್ರಿ, ಒಂದ್ ಈಗ ಒಂದ್ ಆಮ್ಯಾಲೆ ಬ್ಯಾಡ. ಮನಿ ಮುಂದ ಮದುವಿ ನಿಬ್ಬಣಕ್ಕ ಹಚ್ಚೋದಾದ್ರ ಗೋಡಿಗೆ ಕರೆಂಟ್ ಪಾಯಿಂಟ್ ಐತಲ್ರೀ, ಸ್ಪೀಕರ್ ಬಾಡಿಗಿಗೆ ತರ್ರಿ. ಯಾವ್ದ ಹಚ್ಚಿದ್ರೂ ರಾತ್ರಿ 10 ರಿಂದ ಮುಂಜಾನಿ 6 ತನಕ ಹೊರಗ ಲೌಡ್‌ಸ್ಪೀಕರ್ ಬಂದ್ ಅಂತ 2000ದ ಶಬ್ದ ಮಾಲಿನ್ಯ ನಿಯಮದಾಗ ಐತಿ, ಭತ್ತದ ಟ್ರ್ಯಾಕ್ಟರಿನ ಟೇಪ್‌ನೋರಿಗೆ ಇದು ಯಾವಾಗ ಗೊತ್ತಾಗ್ತೈತೋ ಏನೋ.

ಲೆಡ್ ಹಾಕಿಸ್ಕೊಂಡೋರಿಗೆ ಇನ್ನೊಂದು. 30 ಎಎಚ್ ಖಾಲಿ ಮಾಡಿ ಕೊಪ್ಪಳದಿಂದ ಹೊಸಪೇಟಿಗೆ ಓಡಿಸಿದ್ರ ತುಂಬ್ತೈತಿ ಅನ್ಕೋಬ್ಯಾಡ್ರಿ, ಕೊನೀ 20 ಪರ್ಸೆಂಟ್ ತುಂಬ್ಲಿಕ್ಕೆ ತಾಸುಗಟ್ಲೆ ಬೇಕು. ಊರೊಳಗ ಸಣ್ಣ ಸಣ್ಣ ಓಡಾಟ ಮಾಡೋರು ಹದಿನೈದು ದಿನಕ್ಕೊಮ್ಮೆ ಮನ್ಯಾಗ ಚಾರ್ಜರ್ ಹಚ್ಚಿ ರಾತ್ರಿಪೂರ್ತಿ ಬಿಡ್ರಿ.

ಫಿಟ್ಟಿಂಗ್ ಆದ ದಿನ ರಾತ್ರಿ ಇಂಜಿನ್ ಬಂದ್ ಮಾಡಿ ಒಂದ್ ತಾಸು ಹಾಡು ಹಚ್ಚಿ ಮಲಗ್ರಿ, ಮುಂಜಾನಿ ಎದ್ದು ಚಾವಿ ತಿರುವೋಕ್ಕಿಂತ ಮೊದ್ಲ ಬಾನೆಟ್ ಎತ್ತಿ ಮುಂದಿನ ಬ್ಯಾಟ್ರಿ ವೋಲ್ಟೇಜ್ ನೋಡ್ರಿ. 12.6 ಆಸುಪಾಸು ಇದ್ರ ರಿಲೇ ಬಿಡಿಸೈತಿ ಅಂತ. 12.2 ಅಂದ್ರ ಅರ್ಧ ಖಾಲಿ, ರಿಲೇ ಅಂಟಿಕೊಂಡೈತಿ ಇಲ್ಲಾ ಆಂಪಿನ ವಾಯರ್ ಮುಂದಿನ ಬ್ಯಾಟ್ರಿಗೇ ಹೋಗೈತಿ, ಎಲೆಕ್ಟ್ರಿಷಿಯನ್ ಹತ್ರ ಅವತ್ತ ವಾಪಸ್ ಹೋಗ್ರಿ, ಜಾತ್ರಿ ದಿನದ ತನಕ ಕಾಯಬ್ಯಾಡ್ರಿ.